ವಡೆಯಲ್ಲಿ ಹುಡುಕಿದ ಅಳತೆ

"ಗುರುಗಳೇ, ಒಬ್ಬರಿಗೆ ನಮ್ಮ ಮೇಲೆ ಇನ್ನೂ ಕೋಪವಿದೆಯೋ ಇಲ್ಲವೋ, ಅವರನ್ನು ಕೇಳದೆ ತಿಳಿಯುವುದು ಹೇಗೆ?" ಎಂದು ರೇವಣ್ಣ ಕೇಳಿದ.

ಸಾಕಿ ಬೆಳೆಸಿದ ಅಕ್ಕನಿಗೆ ಒಂದು ಮಾತೂ ಹೇಳದೆ ಅವನು ಮಠ ಸೇರಿದ್ದ. ಅಂದಿನಿಂದ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಅವಳ ಊರಿನಿಂದ ಯಾರೇ ಬರಲಿ, ಬೆನ್ನು ಹತ್ತುವನು. ಅಕ್ಕ ನನ್ನ ಹೆಸರೆತ್ತಿದಳೇ? ಎತ್ತಿದಾಗ ಮುಖ ಹೇಗಿತ್ತು? ಅವರು ಎಷ್ಟು ಹೇಳಿದರೂ ಅವನಿಗೆ ಸಾಲದು. ಇದೆಲ್ಲ ಗುರುಗಳ ಕಿವಿಗೆ ಬಿದ್ದಿಲ್ಲವೆಂದು, ಪಾಪ, ಅವನು ನಂಬಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ನೆಂಟರಿಷ್ಟರ ಎದುರಿಗೆ ಹೆಂಡತಿಯನ್ನು ಹೀಯಾಳಿಸಿದ. ಅವಳು ಮಾತು ಬಿಟ್ಟಳು. ಹೊತ್ತಿಗೆ ಸರಿಯಾಗಿ ಬಡಿಸುವಳು, ಎಲೆ ತೆಗೆಯುವಳು, ಅಷ್ಟೇ. ವರ್ತಕನಿಗೆ ತನ್ನ ಮನೆಯಲ್ಲೇ ಉಸಿರು ಕಟ್ಟಿತು. ಒಂದು ಉಂಗುರ ಕೊಟ್ಟು ರಾಜಿಯಾಗೋಣವೆಂದುಕೊಂಡ. ಆದರೆ ಬೆರಳಿನ ಅಳತೆ? ಕೇಳಬೇಕಾದರೆ ಬಾಯಿ ಬಿಡಬೇಕು. ಬಾಯಿ ಬಿಟ್ಟರೆ ತಾನೇ ಮೊದಲು ಸೋತಂತೆ.

ಬಳೆಗಾರ್ತಿಯನ್ನು ವಿಚಾರಿಸಿದ. ಅವಳಿಗೆ ಮುಂಗೈ ಗೊತ್ತು, ಬೆರಳು ಗೊತ್ತಿಲ್ಲ. ತನ್ನ ಕಿರುಬೆರಳಿನಷ್ಟೇ ಇದ್ದೀತೆಂದು ಊಹಿಸಿದ. ಆ ಊಹೆಯೂ ಗಳಿಗೆ ಹೊತ್ತು ನಿಲ್ಲಲಿಲ್ಲ. ಹೀಗಿರುವಾಗ ಒಂದು ದಿನ ಎಲೆಗೆ ಉದ್ದಿನ ವಡೆ ಬಿತ್ತು. ಅದರ ತೂತು ಅವಳ ಬೆರಳು ಮಾಡಿದ್ದೇ ಅಲ್ಲವೇ! ಊಟ ಅರ್ಧಕ್ಕೆ ಬಿಟ್ಟು, ವಡೆಯನ್ನು ಎಲೆಯ ತುಂಡಿನಲ್ಲಿ ಸುತ್ತಿಕೊಂಡು ಅಕ್ಕಸಾಲಿಗನಲ್ಲಿಗೆ ಓಡಿದ.

ಅಕ್ಕಸಾಲಿಗ ಹೊಟ್ಟೆ ಹಿಡಿದುಕೊಂಡು ನಕ್ಕ. "ಯಜಮಾನ್ರೇ, ಎಣ್ಣೆಗೆ ಬಿದ್ರೆ ವಡೆ ಉಬ್ಬುತ್ತೆ, ತೂತು ಮುಚ್ಕೊಳ್ಳುತ್ತೆ. ಮನೆಗೆ ಹೋಗಿ ಅಮ್ಮಾವ್ರ ಬೆರಳಿಗೆ ಒಂದು ದಾರ ಸುತ್ತಿ. ಗೆಣ್ಣು ದಾಟೋಷ್ಟು ಸಡಿಲ ಬಿಡಿ."

"ದಾರ ಸುತ್ತೋಕೆ ಅವಳ ಕೈ ಹಿಡ್ಕೋಬೇಕಲ್ಲಯ್ಯಾ!" ಎಂದು ವರ್ತಕ ಕೂಗಿಕೊಂಡ.

ದಾರ ಹಿಡಿದು ಮನೆಗೆ ಬಂದ. ಅಡುಗೆಮನೆಯ ಬಾಗಿಲಲ್ಲಿ ನಿಂತ. ಜಗಲಿಗೆ ಹೋದ. ಮತ್ತೆ ಬಂದ. ಕೈ ಬೆವರಿ ದಾರ ಒದ್ದೆಯಾಯಿತು. ಹೆಂಡತಿ ತಿರುಗಿ ಅವನನ್ನು ನೋಡಿದಳು, ದಾರವನ್ನೂ ನೋಡಿದಳು. ಹಿಟ್ಟು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದಳು. ಅವನು ದಾರವನ್ನು ಒಂದು ಸುತ್ತು ಸುತ್ತುವಷ್ಟರಲ್ಲಿ ಕಣ್ಣು ತುಂಬಿ ಬಂದು ಅಳತೆಯೇ ಕಾಣದಾಯಿತು. "ತಪ್ಪಾಯ್ತು ಕಣೇ" ಎಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ರೇವಣ್ಣ ತಡೆಯಲಾರದೆ ಕೇಳಿಯೇಬಿಟ್ಟ: "ಕೊನೆಗೆ ಉಂಗುರ ಸರಿಹೋಯಿತೇ, ಗುರುಗಳೇ?"

"ನಿನ್ನ ಅಕ್ಕನ ಊರು ಇಲ್ಲಿಂದ ಎಷ್ಟು ದೂರ?" ಎಂದರು ಗುರುಗಳು.