ಕಂಕುಳಲ್ಲಿ ಬೂಟು

ಹುಬ್ಬಳ್ಳಿಯ ಬೀಗದ ವ್ಯಾಪಾರಿ ಗುರುಶಾಂತಪ್ಪ ಮಹಾ ಸಂಶಯದ ಪ್ರಾಣಿ. ಅಂಗಡಿಗೆ ಬೀಗ ಜಡಿದು ಹೊರಟವನು ಮತ್ತೆ ತಿರುಗಿ ಬಂದು ಜಗ್ಗಿ ನೋಡುತ್ತಿದ್ದ. ಇಂಥವನು ಮಗಳನ್ನು ನೋಡಲು ಇಂಗ್ಲೆಂಡಿಗೆ ಹೊರಟಾಗ, ಮಂಡಿನೋವಿನಿಂದ ಮನೆಯಲ್ಲೇ ಉಳಿದ ಹೆಂಡತಿ ಬಸಲಿಂಗವ್ವ ಕೇಳಿಕೊಂಡದ್ದು ಒಂದೇ.

“ಮಗಳ ಊರಾಗ ಹಳೇ ಚರ್ಚ್ ಐತಂತ. ಒಬ್ಬ ದೈತ್ಯ ಕೂಸನ್ನ ಹೆಗಲ ಮ್ಯಾಲ ಹೊತ್ಕೊಂಡು ಹೊಳಿ ದಾಟೂ ಚಿತ್ರ ಗ್ವಾಡಿ ಮ್ಯಾಲ ಐತಂತ. ನನ್ನ ಕಣ್ಣಾಗಿ ನೋಡಿ ಬಂದು ಹೇಳ್ರಿ.”

ಊರಿಗೆ ಮರಳುವ ಹಿಂದಿನ ದಿನ ಮಗಳು ಅವನನ್ನು ಆ ಚರ್ಚಿನ ಮುಂದೆ ಇಳಿಸಿದಳು. “ಅಪ್ಪಾ, ನೂರಾರು ವರ್ಷದ ಚಿತ್ರ, ಬಣ್ಣ ಮಾಸೇತಿ. ಸಂಜಿ ಬಿಸಿಲು ಬಿದ್ದಾಗಷ್ಟ ಕಾಣತೈತಿ. ನೋಡ್ಕೊಂತಿರು, ಅಂಗಡಿಗೆ ಹೋಗಿ ಬರತೇನಿ” ಎಂದು ಹೋದಳು.

ಬಾಗಿಲು ತೆರೆದೇ ಇತ್ತು. ಬೀಗವಿಲ್ಲ, ಕಾವಲಿಲ್ಲ. ‘ಇದರಾಗ ಏನೋ ಮಸಲತ್ತು ಐತಿ’ ಎಂದುಕೊಂಡ. ಗುಡಿಗೆ ಹೋದಂತೆ ಬಾಗಿಲಲ್ಲೇ ಬೂಟು ಕಳಚಿದ. ಆದರೆ ಮಗಳು ಕೊಡಿಸಿದ ಹೊಸ ಬೂಟು! ಅಲ್ಲಿ ಬಿಡಲು ಮನಸ್ಸು ಬರಲಿಲ್ಲ. ಕೋಟಿನೊಳಗೆ ಕಂಕುಳಿಗೆ ಸಿಕ್ಕಿಸಿಕೊಂಡು ಒಳಗೆ ಹೋದ.

ಒಳಗೆ ಹೇಜಲ್ ಎಂಬ ಮುದುಕಿಯೊಬ್ಬಳು ಹೂ ಜೋಡಿಸುತ್ತಿದ್ದಳು. ಇವನನ್ನು ಕಂಡು ನಕ್ಕಳು. ಗುರುತಿಲ್ಲದವರನ್ನು ನೋಡಿ ಸುಮ್ಮನೆ ಯಾರು ನಗುತ್ತಾರೆ? ಹಿಂದಿನಿಂದ ಯಾರೂ ಬರಬಾರದೆಂದು ಅವನು ಗೋಡೆಗೆ ಬೆನ್ನು ಕೊಟ್ಟು ನಿಂತ.

ಬೂಟು ಜಾರದಂತೆ ಎದೆ ಹಿಡಿದುಕೊಂಡು ಬರಿಗಾಲಲ್ಲಿ ನಿಂತವನನ್ನು ಕಂಡು ಮುದುಕಿ ಕುರ್ಚಿ ತಂದಳು. ‘ಕೂಡಿಸಿ ಕಸಿಯೂ ಉಪಾಯ’ ಎಂದು ಅವನು ಕೂರಲಿಲ್ಲ. ನೀರು ತಂದಳು. ‘ಮಂಪರಿನ ಔಷಧಿ’ ಎಂದು ಕುಡಿಯಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಅಷ್ಟರಲ್ಲಿ ಪಡುವಣ ಕಿಟಕಿಯಿಂದ ಬಿಸಿಲು ಒಳಗೆ ಬಿತ್ತು. ಮುದುಕಿಯ ಮುಖ ಅರಳಿತು. “ಹಿಂದೆ ನೋಡಿ, ಬೇಗ ಹಿಂದೆ ತಿರುಗಿ ನೋಡಿ!” ಎಂದು ಅವನ ತಲೆಯ ಮೇಲಕ್ಕೆ ಕೈ ತೋರಿಸಿದಳು.

ಸಂತೆಯ ಕಿಸೆಗಳ್ಳರದೂ ಇದೇ ವರಸೆಯಲ್ಲವೇ! ಗುರುಶಾಂತಪ್ಪ ತಿರುಗಲಿಲ್ಲ. ಕಂಕುಳನ್ನು ಇನ್ನಷ್ಟು ಬಿಗಿಹಿಡಿದ. ಹಣೆಯಲ್ಲಿ ಬೆವರೊಡೆಯಿತು. ಮುದುಕಿ ಗಾಬರಿಯಾಗಿ ಯಾರಿಗೋ ಫೋನು ಮಾಡಿದಳು. ‘ಮುಗೀತು, ಗ್ಯಾಂಗ್ ಬರತೈತಿ’ ಎಂದು ಅವನು ಗೋಡೆಗೆ ಇನ್ನಷ್ಟು ಒತ್ತಿಕೊಂಡ.

ಓಡಿ ಬಂದವರು ಪಕ್ಕದ ಮನೆಯ ಡಾಕ್ಟರು. ಎದೆ ಪರೀಕ್ಷಿಸಲೆಂದು ಗುರುಶಾಂತಪ್ಪನ ಕೋಟಿನ ಗುಂಡಿ ಬಿಚ್ಚಿದ್ದೇ ತಡ, ಎರಡೂ ಬೂಟು ದಬದಬನೆ ಕಲ್ಲುಹಾಸಿನ ಮೇಲೆ ಬಿದ್ದವು. ಡಾಕ್ಟರು ಬಿಟ್ಟ ಕಣ್ಣು ಬಿಟ್ಟಂತೆ ನಿಂತರು. “ದೇವರು ದೊಡ್ಡವನು, ನಿಮಗೆ ಎದೆನೋವೆಂದು ಹೆದರಿಬಿಟ್ಟಿದ್ದೆ” ಎಂದು ಮುದುಕಿ ಕಣ್ಣೊರೆಸಿಕೊಂಡು, ಬೂಟನ್ನೆತ್ತಿ ಅವನ ಕೈಗೇ ಕೊಟ್ಟಳು.

ಗುರುಶಾಂತಪ್ಪ ನಾಚಿಕೆಯಿಂದ ಮುಖ ತಿರುಗಿಸಿದ. ಆಗ ಕಂಡಿತು ಬೆನ್ನ ಹಿಂದಿನ ಗೋಡೆ. ಬಿಸಿಲು ಸರಿದುಹೋಗಿತ್ತು. ಅಲ್ಲಿ ದೈತ್ಯನೂ ಇರಲಿಲ್ಲ, ಕೂಸೂ ಇರಲಿಲ್ಲ. ಬರೀ ಬೂದು ಸುಣ್ಣ.

ಮಗಳ ಮನೆ ಸೇರಿದೊಡನೆ ಬಸಲಿಂಗವ್ವನ ಫೋನು. “ನೋಡಿದ್ರೇನ್ರಿ? ದೈತ್ಯನ ಮಾರಿ ಹೆಂಗಿತ್ತು?”

“ಇಲ್ಲ... ನಾ ಬೂಟ್ ಕಾಯ್ಕೊಂತ ನಿಂತಿದ್ದೆ.”

ಹುಬ್ಬಳ್ಳಿಯಿಂದ ಅವಳು ಮೆಲ್ಲಗೆ ಕೇಳಿದಳು: “ಬೂಟ್ ಕಾಯಾಕ ಅಷ್ಟು ದೂರ ಹೋಗಬೇಕಿತ್ತೇನ್ರಿ?”

ನೀತಿ: ಎಚ್ಚರಿಕೆ ಬಾಗಿಲಿಗೆ ಬೀಗವಾಗಲಿ, ಕಣ್ಣಿಗೆ ಬೀಗವಾಗುವುದು ಬೇಡ. ಎಲ್ಲರಲ್ಲೂ ಕಳ್ಳನನ್ನೇ ಹುಡುಕುವವನು ಇದ್ದದ್ದನ್ನು ಉಳಿಸಿಕೊಳ್ಳಬಹುದು. ಆದರೆ ನೋಡಲು ಬಂದದ್ದನ್ನು ಕಳೆದುಕೊಳ್ಳುತ್ತಾನೆ.