ತಿದ್ದುಪಡಿ ಹೊತ್ತು ನಡೆದವಳು

"ಗುರುಗಳೇ, ನಾನು ಬರೆದ ಸುದ್ದಿ ಹೆಚ್ಚು ಜನರನ್ನು ಮುಟ್ಟಬೇಕು. ಅದಕ್ಕೆ ಏನು ಮಾಡಲಿ?" ಎಂದು ಶಿಷ್ಯ ಕೇಳಿದ. ಅವನು ಒಂದು ಸುದ್ದಿ ಜಾಲತಾಣದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ.

ಗುರುಗಳು ಹೇಳಿದರು:

ಒಬ್ಬ ವರದಿಗಾರ್ತಿ ಇದ್ದಳು. ಅವಳೂ ನಿನ್ನಂತೆ ಜಾಲತಾಣಕ್ಕೆ ಬರೆಯುತ್ತಿದ್ದಳು. ಎಂಥ ತಲೆಬರಹ ಕೊಟ್ಟರೆ ಜನ ಮುಗಿಬೀಳುತ್ತಾರೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಒಮ್ಮೆ ಒಂದು ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಉಂಡ ಹನ್ನೆರಡು ಮಕ್ಕಳು ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದರು. ಯಾರೋ ಫೋನಿನಲ್ಲಿ ಹೇಳಿದ್ದನ್ನು ನಂಬಿ, ಅಡುಗೆಯ ಫಕೀರವ್ವ ಹಳಸಿದ ಸಾರು ಬಡಿಸಿದಳೆಂದು ಇವಳು ಬರೆದಳು. ಹಳ್ಳಿಗೆ ಹೋಗಲಿಲ್ಲ. ಫಕೀರವ್ವನನ್ನು ಒಂದು ಮಾತು ಕೇಳಲಿಲ್ಲ. ಸಂಜೆಯೊಳಗೆ ಮೂರು ಲಕ್ಷ ಜನ ಓದಿದರು. ನಾಲ್ಕು ಸಾವಿರ ಜನ ಸಾಮಾಜಿಕ ಜಾಲತಾಣದಲ್ಲಿ ಅದರ ಕೆಳಗೆ ಬೈಗುಳ ಬರೆದರು. ಕಚೇರಿಯಲ್ಲಿ ಸಿಹಿ ಹಂಚಿದರು. ಅತ್ತ ಫಕೀರವ್ವನ ಕೆಲಸ ಹೋಯಿತು.

ಹತ್ತು ದಿನಕ್ಕೆ ಪರೀಕ್ಷೆಯ ವರದಿ ಬಂತು. ಕೆಟ್ಟಿದ್ದು ಸಾರಲ್ಲ, ಶಾಲೆಯ ತೊಟ್ಟಿಯ ಕುಡಿಯುವ ನೀರು. ವರದಿಗಾರ್ತಿ ಅಂದೇ ತಿದ್ದುಪಡಿ ಹಾಕಿದಳು. ಅದನ್ನು ಓದಿದವರು ಒಂಬೈನೂರು ಜನ.

"ತಿದ್ದುಪಡಿ ಹಾಕಿ ಆಯಿತಲ್ಲಮ್ಮ, ಮುಂದಿನ ಸುದ್ದಿ ನೋಡು" ಎಂದರು ಸಂಪಾದಕರು.

"ಸುಳ್ಳು ಹೋದ ಕಡೆಗೆಲ್ಲ ನಿಜ ಇನ್ನೂ ಹೋಗಿಲ್ಲ ಸಾರ್" ಎಂದಳು ಅವಳು.

ಬೈಗುಳ ಬರೆದವರಿಗೆ ಒಬ್ಬೊಬ್ಬರಿಗೂ ಉತ್ತರ ಬರೆಯಲು ಕುಳಿತಳು. 'ನಾನು ಬರೆದದ್ದು ತಪ್ಪು. ಫಕೀರವ್ವ ನಿರಪರಾಧಿ. ಆ ಸುದ್ದಿಯನ್ನು ಯಾರಿಗೆ ಕಳಿಸಿದ್ದಿರೋ ಅವರಿಗೂ ಇದನ್ನು ತಿಳಿಸಿ.' ಕೆಲವರು ಅವಳನ್ನೇ ಬೈದರು. ಬಹಳ ಜನ ಸುಮ್ಮನಿದ್ದರು. ಒಂದೇ ಮಾತನ್ನು ಮತ್ತೆ ಮತ್ತೆ ಬರೆಯುತ್ತಾಳೆಂದು ಆ ಸಾಮಾಜಿಕ ಜಾಲತಾಣದವರು ಎರಡು ಸಲ ಅವಳ ಖಾತೆಯನ್ನೇ ತಡೆಹಿಡಿದರು. ತಡೆ ತೆಗೆದ ದಿನವೇ ಬಿಟ್ಟಲ್ಲಿಂದ ಶುರುಮಾಡಿದಳು. ಐದು ತಿಂಗಳು ಹಿಡಿಯಿತು.

ಅಷ್ಟು ದಿನವೂ ಫಕೀರವ್ವನ ಮುಖ ನೋಡಲು ಅವಳಿಗೆ ಧೈರ್ಯ ಬಂದಿರಲಿಲ್ಲ. ಕೊನೆಯ ಉತ್ತರ ಬರೆದ ಮರುದಿನ ಬಸ್ಸು ಹತ್ತಿ ಹೋಗಿ, ಫಕೀರವ್ವನ ಮನೆಯ ಬಾಗಿಲಲ್ಲಿ ಕೈಮುಗಿದು ನಿಂತಳು.

ಫಕೀರವ್ವ ಒಳಗೆ ಕರೆಯಲಿಲ್ಲ. "ನನಗ್ಯಾಕ ಹೇಳ್ತೀಯವ್ವ? ನಂದೇನೂ ತಪ್ಪಿಲ್ಲ ಅಂತ ನನಗ ಮೊದಲ ಗೊತ್ತಿತ್ತು. ಊರಿಗೆ ಹೇಳು" ಎಂದಳು.

ವರದಿಗಾರ್ತಿ ಪರೀಕ್ಷೆಯ ವರದಿ ಹಿಡಿದು ಆ ಊರಿನ ಮನೆಮನೆಗೂ ಹೋದಳು. ಓದಲು ಬಾರದವರಿಗೆ ಓದಿ ಹೇಳಿದಳು. ಬಾಗಿಲು ಹಾಕಿಕೊಂಡವರ ಮನೆಗೆ ಮರುವಾರ ಮತ್ತೆ ಹೋದಳು. ಕಡೆಗೆ ಶಾಲೆಯವರು ಫಕೀರವ್ವನನ್ನು ವಾಪಸು ಕರೆದರು. ಮೊದಲ ದಿನ ಅವಳ ಮುಂದೆ ತಟ್ಟೆ ಹಿಡಿದವರು ಒಂಬತ್ತು ಮಕ್ಕಳು. ದೀಪಾವಳಿಯ ಹೊತ್ತಿಗೆ ಎರಡು ಮನೆಯ ಮಕ್ಕಳನ್ನು ಬಿಟ್ಟು ಎಲ್ಲರೂ ಉಣ್ಣುತ್ತಿದ್ದರು. ಆ ಎರಡು ಮನೆಗಳಿಗೆ ವರದಿಗಾರ್ತಿ ಇನ್ನೂ ಹೋಗಿಬರುತ್ತಾಳೆ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಊರಿಗೆ ಹೋದದ್ದು ಸರಿ. ಎಲ್ಲೆಲ್ಲಿಯೋ ಇರುವ ನಾಲ್ಕು ಸಾವಿರ ಜನಕ್ಕೂ ಬರೆಯಬೇಕಾಗಿತ್ತೇ? ನೂರಿನ್ನೂರು ಜನಕ್ಕೆ ಬರೆದು ನಿಲ್ಲಿಸಬಹುದಿತ್ತಲ್ಲ?"

ಗುರುಗಳು ಹೇಳಿದರು: "ಆ ಸುದ್ದಿಯಲ್ಲಿ ಕೆಟ್ಟದ್ದು ನಿನ್ನ ತಾಯಿಯ ಹೆಸರಾಗಿದ್ದರೆ, ಎಷ್ಟನೆಯವರಿಗೆ ನಿಲ್ಲಿಸುತ್ತಿದ್ದೆ?"