ಜಡಿಯಮ್ಮನ ಹಾಳೆ

ಎಷ್ಟೋ ಕಾಲದ ಹಿಂದಿನ ಮಾತು. ಎಷ್ಟು ಅಂತ ಕೇಳಬೇಡಿ, ನನ್ನ ಅಜ್ಜಿಗೇ ಗೊತ್ತಿರಲಿಲ್ಲ. ಬೆಟ್ಟದ ಬುಡದ ಒಂದು ಹಾಡಿಯಲ್ಲಿ ಜಡಿಯಮ್ಮ ಅಂತ ಸೂಲಗಿತ್ತಿ ಇದ್ದಳಂತೆ. ಹೆತ್ತವಳ ರಕ್ತ ನಿಲ್ಲದಿದ್ದರೆ ಬೆಟ್ಟಕ್ಕೆ ಓಡಿ ಒಂದು ಬೇರು ಕಿತ್ತು ತರುತ್ತಿದ್ದಳು. ಅರೆದು ಕುಡಿಸಿದರೆ ಗಳಿಗೆಯಲ್ಲಿ ರಕ್ತ ನಿಲ್ಲುತ್ತಿತ್ತಂತೆ. ಕಿತ್ತ ಬೇರಿನ ತುದಿಯನ್ನು ಮಾತ್ರ, ಮತ್ತೆ ಚಿಗುರಲಿ ಅಂತ, ಅದೇ ಗುಂಡಿಯಲ್ಲಿ ಹೂತು ಬರುತ್ತಿದ್ದಳು. ಸಾವು ಅವಳಿಗೆ ಹೆದರಿ ಹಾಡಿಯ ಹೊರಗೇ ಕೂರುತ್ತಿತ್ತು ಅಂತಲೂ ಹೇಳುತ್ತಾರೆ.

ಒಮ್ಮೆ ಪೇಟೆಯಿಂದ ಒಬ್ಬ ಬಂದ. ಹಾಡಿಯವರು ಅವನನ್ನು ಪುಸ್ತಕದಯ್ಯ ಅಂದರು. ಕೆಟ್ಟವನೇನಲ್ಲ, ಮಕ್ಕಳಿಗೆ ಬೆಲ್ಲ ತಂದಿದ್ದ. ಯಾರದೋ ಹೆರಿಗೆಗೆ ಜಡಿಯಮ್ಮ ಬೆಟ್ಟಕ್ಕೆ ಓಡಿದಾಗ ಹಿಂದೆಯೇ ಓಡಿ ಬೇರು ನೋಡಿಬಿಟ್ಟ. ಆಮೇಲೆ ಅವಳ ಒಲೆಯ ಮುಂದೆ ಕೂತು, ಇದನ್ನು ಬರೆಯಲೇ ಅಂತ ಕೇಳಿದ.

ಆ ಹಾಡಿಯಲ್ಲಿ ಮನೆಗೆ ಬಂದವರಿಗೆ ಬಾಯಿಬಿಟ್ಟು ಬೇಡ ಅನ್ನುವ ವಾಡಿಕೆಯೇ ಇರಲಿಲ್ಲ. ತಲೆ ತಗ್ಗಿಸಿ ಒಲೆಯ ಕೊಳ್ಳಿ ಹಿಂದಕ್ಕೆಳೆದರೆ ಬೇಡ ಅಂತಲೇ. ಕೂಸುಗಳಿಗೂ ಅದು ತಿಳಿಯುತ್ತಿತ್ತು. ಜಡಿಯಮ್ಮ ಕೊಳ್ಳಿ ಎಳೆದಳು. ಅವನು ಮತ್ತೆ ಕೇಳಿದ. ಇನ್ನೊಂದು ಎಳೆದಳು, ಒಲೆ ಆರಿಯೇ ಹೋಯಿತು. ಇಷ್ಟು ಹೇಳಿದ ಮೇಲೆ ಯಾರು ತಾನೇ ಬರೆದಾರು ಅಂತ ಅವಳು ನೆಮ್ಮದಿಯಾಗಿ ಅವನನ್ನು ಕಳಿಸಿಕೊಟ್ಟಳು. ಬೇಡ ಅನ್ನಲಿಲ್ಲವಲ್ಲ ಅಂತ ಆ ಪುಣ್ಯಾತ್ಮ ಊರಿಗೆ ಹೋಗಿ ಬರೆದ.

ಮಳೆಗಾಲ ಕಳೆಯುವುದೇ ತಡ, ಅವನು ಬರೆದದ್ದನ್ನು ಓದಿದ ಪೇಟೆಯ ಜನ ಹಾರೆ ಗುದ್ದಲಿ ಹಿಡಿದು ಬೆಟ್ಟ ಹತ್ತಿದರು. ಗೋಣಿ ತುಂಬಿ ತುಂಬಿ ಹೊತ್ತರು. ತುದಿ ಹೂಳಬೇಕು ಅಂತ ಅವರಿಗೆ ಯಾರು ಹೇಳಬೇಕು?

ಮರುವರ್ಷ ಜಡಿಯಮ್ಮನ ಒಬ್ಬಳೇ ಮಗಳು ಬೊಮ್ಮಿ ಹೆತ್ತಳು. ರಕ್ತ ನಿಲ್ಲಲಿಲ್ಲ. ಜಡಿಯಮ್ಮ ಬೆಟ್ಟದ ಗುಂಡಿ ಗುಂಡಿಯನ್ನೂ ಕೆದಕಿದಳಂತೆ, ಉಗುರು ಕಿತ್ತುಬಂದವಂತೆ. ಬರಿಗೈಯಲ್ಲಿ ಇಳಿಯುವಾಗ ದಾರಿಯಲ್ಲೇ ಹಾಡಿಯವರ ಅಳು ಕೇಳಿಸಿತು. ಮಗುವೂ ಉಳಿಯಲಿಲ್ಲ. ಅಯ್ಯೋ, ಎಷ್ಟು ಮನೆಯ ತಾಯಂದಿರನ್ನು ಉಳಿಸಿದ ಕೈ ಅದು!

ಏನೂ ತಿಳಿಯದ ಪುಸ್ತಕದಯ್ಯ, ಅಚ್ಚಾದ ಪುಸ್ತಕ ತೋರಿಸಲು ನಗುನಗುತ್ತಾ ಬಂದ. ಓದು ಅಂದಳು ಜಡಿಯಮ್ಮ. ಬೇರಿನ ಬಣ್ಣ, ಬೆಟ್ಟದ ದಾರಿ, ಅವಳ ಹೆಸರು, ಎಲ್ಲ ಓದಿದ. ಒಂದು ಅಕ್ಷರವೂ ಸುಳ್ಳಿರಲಿಲ್ಲ.

"ನಾ ಒಲೆ ಆರ್ಸಿದ್ದು ಯಾವ ಹಾಳೇಲಿ ಅದೆ, ಅಯ್ಯಾ?" ಅಂದಳು.

ಅವನು ಹಾಳೆ ತಿರುವಿದ, ತಿರುವಿದ. ಆಮೇಲೆ ಅವಳ ಕೈ ನೋಡಿದ. ಜಡಿಯಮ್ಮ ಮತ್ತೆ ಯಾರ ಹೆರಿಗೆಗೂ ಹೋಗಲಿಲ್ಲವಂತೆ.

ಈಗಲೂ ಆ ಹಾಡಿಗೆ ಬರೆಯಲು ಬಂದವರು, ಬರೆದದ್ದನ್ನು ಒಲೆಯ ಮುಂದೆ ಗಟ್ಟಿಯಾಗಿ ಓದಿಯೇ ಹೋಗಬೇಕು. ಓದುವಾಗ ಕೊಳ್ಳಿ ಹಿಂದೆ ಸರಿದರೆ ಆ ಮಾತು ತೆಗೆದು ಅಲ್ಲಿ ಒಂದು ಹಾಳೆ ಖಾಲಿ ಬಿಡಬೇಕು. ಅದಕ್ಕೆ ಜಡಿಯಮ್ಮನ ಹಾಳೆ ಅನ್ನುತ್ತಾರೆ. ಬೇರು ಮಾತ್ರ ಆ ಬೆಟ್ಟದಲ್ಲಿ ಮತ್ತೆ ಹುಟ್ಟಿಲ್ಲ.